ಹನ್ನೆರಡು ವ್ಯಾಗನ್ ಕೊಳೆ

ಅನಾಹುತಕ್ಕೆಲ್ಲ ಕಾರಣ ಒಂದು ಹಳೇ ಟೂತ್‌ಬ್ರಷ್. ಎಸೆಯಲು ಮನಸ್ಸಾಗದೆ ಯಾರೋ ಅದನ್ನು ಬಚ್ಚಲುಮನೆಯ ಕಿಟಕಿಯಲ್ಲಿ ಸಿಕ್ಕಿಸಿದ್ದರು. ಅದು ಅಲ್ಲಿ ಇಲ್ಲದೆ ಹೋಗಿದ್ದರೆ ಗಾರ್ಡಪ್ಪನ ಅತ್ತೆಗೆ ಆ ಬೆಳಿಗ್ಗೆ ಅಂಥದೊಂದು ಯೋಚನೆಯೇ ಬರುತ್ತಿರಲಿಲ್ಲ.

ಗಾರ್ಡಪ್ಪ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಟಿಕೆಟ್ ತೆಗೆದುಕೊಂಡು ಹತ್ತುವುದು ಬಿಟ್ಟರೆ ಅವನಿಗೂ ರೈಲಿಗೂ ಯಾವ ಸಂಬಂಧವೂ ಇರಲಿಲ್ಲ. ಹೊಟ್ಟೆಪಾಡಿಗೆ ಒಬ್ಬ ದಂತವೈದ್ಯರ ಬಳಿ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದ. ಆದರೆ ಮನೆಯ ನಡುಕೋಣೆಯಲ್ಲಿ, ಊಟದ ಮೇಜಿನ ಎರಡರಷ್ಟು ಉದ್ದದ ಹಲಗೆಯ ಮೇಲೆ, ಅವನದೇ ಒಂದು ಪುಟ್ಟ ರೈಲ್ವೆ ಇತ್ತು. ಬೆರಳುದ್ದದ ಮರದ ವ್ಯಾಗನ್ನುಗಳು, ಅವಕ್ಕೆ ತಕ್ಕ ಹಳಿ, ಬೆಂಕಿಪೊಟ್ಟಣದಷ್ಟು ಸ್ಟೇಷನ್ನು. ಸಂಜೆ ಕೆಲಸದಿಂದ ಬಂದವನೇ ಬಾಯಲ್ಲಿ ಸೀಟಿ ಕಚ್ಚಿಕೊಂಡು ಅದರ ಮುಂದೆ ನಿಂತುಬಿಡುತ್ತಿದ್ದ. ಸೀಟಿ ಕೇಳಿ ಕೇಳಿ ಸಾಕಾದ ಬೀದಿಯವರು ಅವನಿಗೆ ಆ ಹೆಸರು ಇಟ್ಟಿದ್ದರು.

ಇಂಥ ಹುಚ್ಚಿನವರದೂ ಒಂದು ಸಂಘ ಇದೆ. ಆ ಸಂಘ 'ನಿಪುಣ' ಎಂಬ ಬಿರುದು ಕೊಡುತ್ತದೆ, ಜೊತೆಗೆ ಎದೆಗೆ ಚುಚ್ಚಿಕೊಳ್ಳಲು ಗಾಲಿಯಾಕಾರದ ಒಂದು ಹಿತ್ತಾಳೆ ಬಿಲ್ಲೆ. ಕೇಳಿದವರಿಗೆಲ್ಲ ಕೊಡುವುದಿಲ್ಲ. ಏಳು ವಿದ್ಯೆಗಳಲ್ಲಿ ಪರೀಕ್ಷೆ. ಪಾಸಾದ ಹಾಗೆಲ್ಲ ಪುಟ್ಟ ನೀಲಿ ಪುಸ್ತಕದಲ್ಲಿ ಒಂದೊಂದು ಸಹಿ. ಹಳಿ ಜೋಡಿಸುವುದು, ಸಿಗ್ನಲ್ಲಿಗೆ ವೈರು ಎಳೆಯುವುದು, ಗುಡ್ಡ ಮರ ಮಾಡುವುದು, ವೇಳಾಪಟ್ಟಿಯ ಪ್ರಕಾರ ಗಾಡಿ ಓಡಿಸುವುದು, ಹೀಗೆ ಆರು ಸಹಿ ಗಿಟ್ಟಿಸುವಷ್ಟರಲ್ಲಿ ಗಾರ್ಡಪ್ಪನಿಗೆ ಒಂಬತ್ತು ವರ್ಷ ಕಳೆದಿತ್ತು. ಉಳಿದದ್ದು ಏಳನೆಯದು, ಎಲ್ಲಕ್ಕಿಂತ ಕಷ್ಟದ್ದು: ಹೊಸ ಗಾಡಿಯನ್ನು ಹಳೇ ಗಾಡಿಯಾಗಿಸುವುದು. ನೋಡಿದವರಿಗೆ ಅದು ಮೂವತ್ತು ವರ್ಷ ಮಳೆ ಬಿಸಿಲಲ್ಲಿ ಕಲ್ಲಿದ್ದಲು ಹೊತ್ತ ಗಾಡಿ ಅನ್ನಿಸಬೇಕು.

ಗಾರ್ಡಪ್ಪ ಒಂಬತ್ತು ತಿಂಗಳು ಕೂತು ಹನ್ನೆರಡು ವ್ಯಾಗನ್ನುಗಳನ್ನು ಕೊಳೆ ಮಾಡಿದ್ದ. ಹಗಲೆಲ್ಲ ಹಲ್ಲು ಬೆಳ್ಳಗೆ ಮಾಡುವುದು, ಸಂಜೆ ಬಂದು ವ್ಯಾಗನ್ನು ಕಪ್ಪಗೆ ಮಾಡುವುದು. ಒಂದೇ ಕೂದಲಿನ ಕುಂಚದಿಂದ ತುಕ್ಕಿನ ಗೆರೆ ಎಳೆದಿದ್ದ. ಮೊಳೆಯ ತಲೆಗಳ ಸುತ್ತ ಮಸಿ ಮೆತ್ತಿದ್ದ. ಇವತ್ತು ಸಾಯಂಕಾಲ ನಾಲ್ಕಕ್ಕೆ ಪರೀಕ್ಷಕರು ಮನೆಗೇ ಬರುವವರಿದ್ದರು. ವರ್ಷಕ್ಕೆ ಒಂದೇ ಸಲ ಬರುವವರು. ಇವತ್ತು ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ, ಏನೋ ಗುನುಗುತ್ತಾ ಗಾರ್ಡಪ್ಪ ನಡುಕೋಣೆಗೆ ಬಂದ. ಕಿಟಕಿಯ ಕಟ್ಟೆಯ ಮೇಲೆ ಟವೆಲ್ ಹಾಸಿತ್ತು. ಟವೆಲಿನ ಮೇಲೆ ಹನ್ನೆರಡು ವ್ಯಾಗನ್ನುಗಳು ಸಾಲಾಗಿ ಕೂತು ಬಿಸಿಲು ಕಾಯಿಸುತ್ತಿದ್ದವು. ತುಕ್ಕಿಲ್ಲ, ಮಸಿಯಿಲ್ಲ. ಅಂಗಡಿಯಿಂದ ಆಗ ತಾನೇ ಬಂದ ಹಾಗೆ ಕೆಂಪಗೆ ಥಳಥಳಿಸುತ್ತಿದ್ದವು.

"ಬಂದ್ರಾ ಅಳಿಯಂದಿರೇ?" ವಾರದ ಹಿಂದೆ ಮಗಳ ಮನೆಗೆ ಬಂದಿದ್ದ ಅತ್ತೆ ಟೂತ್‌ಬ್ರಷ್ ಹಿಡಿದೇ ನಿಂತಿದ್ದರು. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. "ಸಂಜೆ ದೊಡ್ಡ ಮನುಷ್ಯರು ಬರ್ತಾರೆ ಅಂದ್ರಲ್ಲ, ಹೋಗಿ ನೋಡಿದ್ರೆ ಗಾಡಿ ಅನ್ನೋದು ಕೊಳೆ ಹಿಡಿದು ಕೂತಿದೆ! ಒಂದು ದಿನಾನಾದ್ರೂ ನೀರು ತೋರಿಸಿದ್ದೀರಾ ಅದಕ್ಕೆ? ಐದು ಗಂಟೆಗೇ ಎದ್ದು ನಾಲ್ಕು ಸಲ ಸೋಪು ಹಾಕಿ ಉಜ್ಜಿದೆ. ಪಾಪ, ನಿಮಗಾದ್ರೂ ಪುರುಸೊತ್ತೆಲ್ಲಿ!"

ಗಾರ್ಡಪ್ಪನ ಬಾಯಿ ತಾನೇ ತಯಾರಿಸಿದ ಹಲ್ಲಿನ ಸೆಟ್ಟಿನಂತೆ ತೆರೆದುಕೊಂಡೇ ಉಳಿಯಿತು. ಹೇಳಬೇಕಾದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದು ನಿಂತವು. ಆದರೆ ತನಗೋಸ್ಕರ ಐದು ಗಂಟೆಗೆ ಎದ್ದ ಅರವತ್ತೈದು ವರ್ಷದ ಹೆಂಗಸಿಗೆ ಏನೆಂದು ಹೇಳುವುದು?

"ಚೆನ್ನಾಗಿದೆ ಅತ್ತೆ," ಎಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಲೈಬ್ರರಿಯ ಕೆಲಸಕ್ಕೆ ಹೊರಟಿದ್ದ ಹೆಂಡತಿ ಅವನನ್ನು ಅಡುಗೆಮನೆಯ ಮೂಲೆಯಲ್ಲಿ ಹಿಡಿದಳು. "ರೀ, ಅಳ್ತಿದ್ದೀರಾ?"

"ಕಣ್ಣಿಗೆ ಸೋಪು ಹೋಗಿದೆ."

ಅವಳು ಕಿಟಕಿಯ ಕಡೆ ನೋಡಿದಳು. ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. "ಅಯ್ಯೋ ದೇವರೇ! ತಾಳಿ, ಅಮ್ಮಂಗೆ ನಾನು ಹೇಳ್ತೀನಿ."

"ಬೇಡ ಬೇಡ, ನೊಂದ್ಕೋತಾರೆ. ನಾಲ್ಕು ಗಂಟೆವರೆಗೂ ಟೈಮಿದೆಯಲ್ಲ."

"ಒಂಬತ್ತು ತಿಂಗಳ ಕೆಲಸ ಒಂಬತ್ತು ಗಂಟೇಲಿ ಮಾಡ್ತೀರಾ?"

"ತಿಂಗಳಿಗೊಂದು ಗಂಟೆ," ಎಂದ ಗಾರ್ಡಪ್ಪ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬರುವುದಾಗಿ ಹೇಳಿ ಓಡಿದಳು.

ಗಾರ್ಡಪ್ಪನಿಗೂ ರಜೆ ಬೇಕಾಗಿತ್ತು. ಗಾಬರಿಯಲ್ಲಿ ದಂತವೈದ್ಯರಿಗೆ ಫೋನು ಮಾಡಿ, "ಸಾರ್, ಇವತ್ತು ಬರೋಕಾಗಲ್ಲ, ವಿಪರೀತ ಹಲ್ಲುನೋವು" ಎಂದುಬಿಟ್ಟ. "ಹಲ್ಲುನೋವಾದ್ರೆ ಮನೇಲಿ ಯಾಕಪ್ಪ ಕೂತಿದ್ದೀಯಾ? ಈಗಲೇ ಬಾ, ಕಿತ್ತುಹಾಕ್ತೀನಿ" ಎಂದರು ಅವರು. ಹಲ್ಲಿನಿಂದ ಶುರುವಾದದ್ದು ಹೊಟ್ಟೆಗೆ ಇಳಿದಿದೆ, ಅಲ್ಲಿಂದ ಮೊಣಕಾಲಿಗೂ ಬಂದಿದೆ ಎಂದು ನೋವನ್ನು ಮೈಯೆಲ್ಲ ಸುತ್ತಾಡಿಸಿ ಕೊನೆಗೆ ರಜೆ ಪಡೆಯುವ ಹೊತ್ತಿಗೆ ಎಂಟೂವರೆಯಾಗಿತ್ತು.

ಕುಂಚ ಹಿಡಿದ. ಗಡಿಯಾರ ನೋಡುತ್ತಲೇ ಬಣ್ಣದಲ್ಲಿ ಅದ್ದಿದ. ಮೊದಲ ವ್ಯಾಗನ್ನಿಗೆ ಎಳೆದ ತುಕ್ಕಿನ ಗೆರೆ ಲಿಪ್‌ಸ್ಟಿಕ್ ಬಳಿದ ಹಾಗೆ ಕಂಡಿತು. ಒರೆಸಿದ. ಮತ್ತೆ ಎಳೆದ. ಈಗ ಗಾಡಿಗೆ ಪೆಟ್ಟಾಗಿ ರಕ್ತ ಸೋರುತ್ತಿದೆ ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಬಾಲ್ಕನಿಯಲ್ಲಿ ನಿಂತು ತಮ್ಮ ಸಾಧನೆಯನ್ನು ಅಕ್ಕಪಕ್ಕದವರಿಗೆಲ್ಲ ವಿವರವಾಗಿ ಹೇಳಿ ಮುಗಿಸಿ, ಸಂಜೆಯ ಅತಿಥಿಗಳ ತಿಂಡಿಗೆಂದು ಅಡುಗೆಮನೆ ಸೇರಿದ್ದರು. ಏಳನೆಯ ಪರೀಕ್ಷೆಯ ಸಂಗತಿ ಬಲ್ಲವರಿಗೆ ಆಗಿರುವ ಅನಾಹುತ ಹೊಳೆಯಿತು. ಮೊದಲು ಬಂದವರು ಮೇಲಿನ ಮನೆಯ ಮಾಸ್ತರರು. ನಿಜವಾದ ರೈಲ್ವೆಯಲ್ಲಿ ಮೂವತ್ತೈದು ವರ್ಷ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಅವರ ಹಿಂದೆಯೇ ಕೆಳಗಿನ ಗ್ಯಾರೇಜಿನ ಮೆಕ್ಯಾನಿಕ್.

"ಏನ್ರೀ ಗಾರ್ಡಪ್ಪ, ವ್ಯಾಗನ್ನಿಗೆ ತುಕ್ಕು ಹಿಡಿಯೋದು ಹೀಗಾ?" ಮಾಸ್ತರರು ಕನ್ನಡಕ ಏರಿಸಿದರು. "ತುಕ್ಕು ಅನ್ನೋದು ಬಾಗಿಲ ಕೆಳಗಿಂದ ಶುರುವಾಗ್ಬೇಕು. ಕೊಕ್ಕೆ ಹತ್ರ ಮಸಿ ಇರ್ಬೇಕು. ನೀವು ಏನೋ ರಂಗೋಲಿ ಹಾಕಿದ ಹಾಗೆ ಹಾಕಿದ್ದೀರಲ್ಲ!"

"ಬಣ್ಣಗಿಣ್ಣ ಬಿಡಣ್ಣ," ಎಂದ ಮೆಕ್ಯಾನಿಕ್. "ಗಾಡಿ ಕೊಳೆ ಆಗ್ಬೇಕು ತಾನೇ? ನನ್ನ ಹತ್ರ ಡಬ್ಬ ತುಂಬಾ ಸುಟ್ಟ ಎಂಜಿನ್ ಆಯಿಲ್ ಇದೆ. ಎರಡು ನಿಮಿಷದ ಕೆಲಸ."

ಗಾರ್ಡಪ್ಪ ಬೇಡ ಅನ್ನುವುದರೊಳಗೆ ನಾಲ್ಕು ವ್ಯಾಗನ್ನುಗಳು ಆಯಿಲಿನಲ್ಲಿ ಮುಳುಗಿ ಎದ್ದಿದ್ದವು. ಬಣ್ಣವೇನೋ ಹಿಡಿಯಿತು. ಆದರೆ ಹಳಿಯ ಮೇಲೆ ಇಟ್ಟು ಎಂಜಿನ್ ಚಾಲೂ ಮಾಡಿದರೆ ಗಾಲಿಗಳು ಜಾರಿದವೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಗುಡ್ಡ ಹತ್ತಬೇಕಾದದ್ದು ಹಿಂದಕ್ಕೆ ಜಾರಿ ಸ್ಟೇಷನ್ನಿಗೇ ಗುದ್ದಿ, ಪ್ಲಾಟ್‌ಫಾರಂ ಮೇಲೆ ನಿಂತಿದ್ದ ಆರು ಗೊಂಬೆ ಪ್ರಯಾಣಿಕರು ಮಕಾಡೆ ಬಿದ್ದರು.

"ಜಾರಿಕೆಗೆ ಬೂದಿ ಹಾಕ್ಬೇಕು," ಎಂದು ಮಾಸ್ತರರು ತೀರ್ಪು ಕೊಟ್ಟರು. ತಮ್ಮ ಮನೆಯಿಂದ ಒಂದು ಬೊಗಸೆ ಬೂದಿ ತಂದು ಬಹಳ ಎಚ್ಚರದಿಂದ, ಉಪ್ಪು ಉದುರಿಸುವ ಹಾಗೆ, ಒಂದೊಂದೇ ಚಿಟಿಕೆ ಉದುರಿಸಿದರು. ಐದನೆಯ ಚಿಟಿಕೆಗೆ ಅವರಿಗೆ ಸೀನು ಬಂತು. ಮೂವತ್ತೈದು ವರ್ಷ ಗಾಡಿಗಳಿಗೆ ದಾರಿ ಬಿಟ್ಟುಕೊಟ್ಟ ಗಂಟಲು ಅದು. ಸೀನು ಮುಗಿಯುವಾಗ ಹಳಿ, ಗುಡ್ಡ, ಸ್ಟೇಷನ್ನು, ಮೆಕ್ಯಾನಿಕ್, ಗಾರ್ಡಪ್ಪ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದರು. ವ್ಯಾಗನ್ನುಗಳ ಮೇಲೆ ಮಾತ್ರ ಒಂದು ಚೂರೂ ಬಿದ್ದಿರಲಿಲ್ಲ.

ಮಾಸ್ತರರು ಸೋಲೊಪ್ಪುವವರಲ್ಲ. ಹಕ್ಕಿ ಹಿಕ್ಕೆಯನ್ನು ಕುಂಚದಿಂದ ಬಿಡಿಸುವುದು ಶುದ್ಧ ಮೋಸ, ನಿಜವಾದ ಹಕ್ಕಿಯಿಂದಲೇ ಹಾಕಿಸಬೇಕು ಎಂದು ಹೊಸ ವಾದ ಹೂಡಿದರು. ಎರಡು ವ್ಯಾಗನ್ನುಗಳನ್ನು ತಾರಸಿಯ ಗೋಡೆಯ ಮೇಲಿಟ್ಟು, ಸುತ್ತ ಕಾಳು ಚೆಲ್ಲಿ, ತಾವೇ ಕಾವಲಿಗೆ ನಿಂತರು. ಪಾರಿವಾಳಗಳು ಬಂದವು, ಕಾಳು ತಿಂದವು, ವ್ಯಾಗನ್ನನ್ನು ತಿರುಗಿಯೂ ನೋಡಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಮಾಸ್ತರರು ಇಳಿದು ಬಂದಾಗ ಅವರ ಬೋಳು ತಲೆಯ ಮೇಲೆ ಮಾತ್ರ ಅಪ್ಪಟ, ಪರೀಕ್ಷೆಗೆ ಇಡಬಹುದಾದಂಥ ಗುರುತು ಬಿದ್ದಿತ್ತು.

ಊಟದ ಹೊತ್ತು ದಾಟಿತು. ನಾಲ್ಕು ವ್ಯಾಗನ್ನುಗಳು ಜಿಡ್ಡು, ಒಂದರ ಮೈಮೇಲೆ ಲಿಪ್‌ಸ್ಟಿಕ್, ಉಳಿದವು ಮದುವಣಗಿತ್ತಿಯ ಹಾಗೆ ಫಳಫಳ.

"ಎಲ್ಲಾ ತೊಳೆದು ಮೊದಲಿನಿಂದ ಶುರು ಮಾಡೋಣ ಅಣ್ಣ," ಎಂದ ಮೆಕ್ಯಾನಿಕ್. ಹೇಳಿದ್ದಷ್ಟೇ ಅಲ್ಲ, ಗಾರ್ಡಪ್ಪ ಮುಖ ತೊಳೆದು ಬರುವಷ್ಟರಲ್ಲಿ ಹನ್ನೆರಡನ್ನೂ ಥಿನ್ನರಿನಲ್ಲಿ ಅದ್ದಿ ಒರೆಸಿಯೂ ಬಿಟ್ಟಿದ್ದ. ಜಿಡ್ಡು ಹೋಯಿತು. ಜಿಡ್ಡಿನ ಜೊತೆಗೆ ಬಣ್ಣವೂ ಹೋಯಿತು. ಮೇಜಿನ ಮೇಲೆ ಈಗ ಇದ್ದದ್ದು ಹನ್ನೆರಡು ಬೋಳು ಬಿಳೀ ಮರದ ಪೆಟ್ಟಿಗೆಗಳು.

ಗಾರ್ಡಪ್ಪ ಕುರ್ಚಿಯಲ್ಲಿ ಕುಸಿದ. ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಒಂಬತ್ತು ವರ್ಷ ಮಣ್ಣುಪಾಲಾಯಿತು ಅನ್ನಿಸಿ ಅವನಿಗೆ ನಿಜವಾಗಿಯೂ ಅಳು ಬಂತು. ಆಗಲೇ ಹೆಂಡತಿ ಒಳಗೆ ಬಂದಳು. ಗಂಡನ ಮುಖ ನೋಡಿದವಳೇ ನೇರ ಅಡುಗೆಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

 ಆಮೇಲೆ ಅತ್ತೆ ಹೊರಗೆ ಬಂದರು. ಮುಖ ಬಾಡಿಹೋಗಿತ್ತು.

"ಅದು ನೀವು ಮಾಡಿದ ಕೊಳೆನಾ ಅಳಿಯಂದಿರೇ?"

"ಹೋಗ್ಲಿ ಬಿಡಿ ಅತ್ತೆ."

"ಕೊಳೆ ಮಾಡೋದಕ್ಕೂ ಬಹುಮಾನ ಇದೆ ಅಂತ ನನಗೆ ಯಾರು ಹೇಳಿದ್ರು? ನನ್ನ ಮಕ್ಕಳು ಮಾಡಿದ ಕೊಳೆಗೆ ಬಹುಮಾನ ಕೊಟ್ಟಿದ್ರೆ ಮನೇಲಿ ಇಡೋಕೆ ಜಾಗ ಇರ್ತಿರ್ಲಿಲ್ಲ!" ಎನ್ನುತ್ತ ಬಿಳೀ ವ್ಯಾಗನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದರು. ಮೂಸಿ ನೋಡಿದರು. ನೋಡುನೋಡುತ್ತ ಅವರ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು. "ಬಣ್ಣ ಇಲ್ಲದ ಮರ ಅಂದ್ರೆ ಬಿಳೀ ಬಟ್ಟೆ ಇದ್ದ ಹಾಗೆ. ಏನು ಬಿದ್ರೂ ಹೀರಿಕೊಳ್ಳುತ್ತೆ. ಏಳಿ ಅಳಿಯಂದಿರೇ! ನಲವತ್ತು ವರ್ಷ ಕಲೆ ಜೊತೆ ಗುದ್ದಾಡಿದ್ದೀನಿ. ಯಾವುದು ಹೋಗುತ್ತೆ, ಯಾವುದು ಸತ್ರೂ ಹೋಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಲ್ಲಿಂದ ಮುಂದೆ ಅತ್ತೆ ಟೊಂಕ ಕಟ್ಟಿ ನಿಂತರು. ಒಂದು ಒಲೆಯ ಮೇಲೆ ಚಹಾಪುಡಿ ಕುದಿದು ಕುದಿದು ಡಾಂಬರಿನಂತಾಯಿತು. ಇನ್ನೊಂದು ಪಾತ್ರೆಯಲ್ಲಿ ಮೆಕ್ಯಾನಿಕ್ ತಂದ ತುಕ್ಕು ಮೊಳೆಗಳು ನಿಂಬೆರಸದಲ್ಲಿ ಬಿಸಿಯಾದವು. ಹೆಂಡತಿ ಹೆಂಚಿನ ತಳದ ಮಸಿ ಕೆರೆದು ಎಣ್ಣೆಯಲ್ಲಿ ಕಲಸಿದಳು. ಬಾಳೆಕಾಯಿ ಸುಲಿದು ಅದರ ಸೊನೆಯನ್ನು ಅತ್ತೆ ತಾವೇ ಬೆರಳಿನಲ್ಲಿ ತೀಡಿದರು. ಹಕ್ಕಿ ಹಿಕ್ಕೆಗೆ ಸುಣ್ಣ, ಅದನ್ನು ಚಿಮುಕಿಸಲು ಒಂದು ಪೊರಕೆ ಕಡ್ಡಿ. ಗಾರ್ಡಪ್ಪ ಕೈ ಹಾಕಲು ಹೋದಾಗಲೆಲ್ಲ "ನೀವು ಹಿಡ್ಕೊಂಡಿರಿ ಸಾಕು, ಅವಸರದಲ್ಲಿ ಕೆಡಿಸ್ತೀರಾ" ಎನ್ನುತ್ತಿದ್ದರು. ಅವನು ಹಿಡಿದುಕೊಂಡಿದ್ದ, ಎತ್ತಿ ಕೊಡುತ್ತಿದ್ದ, ಊದಿ ಆರಿಸುತ್ತಿದ್ದ. ಮಾಸ್ತರರು ಎಲ್ಲೆಲ್ಲಿ ಎಷ್ಟೆಷ್ಟು ತುಕ್ಕು ಎಂದು ಬೆರಳು ತೋರಿಸುತ್ತಿದ್ದರು. ಬೆಳಗಿನಿಂದ ಅಳುಮುಖ ಹೊತ್ತಿದ್ದ ಮನೆಯಲ್ಲಿ ನಗು ಕೇಳಿಸತೊಡಗಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹನ್ನೆರಡು ವ್ಯಾಗನ್ನುಗಳೂ ಹಳಿಯ ಮೇಲೆ ನಿಂತವು. ಮಾಸ್ತರರು ಬಗ್ಗಿ ನೋಡಿದರು. ನೋಡುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

"ಇವು ನಮ್ಮ ಯಾರ್ಡಿನವೇ ಕಣ್ರೀ," ಎಂದರು. "ಮೂರನೇದನ್ನ ನಾನೇ ಎಷ್ಟೋ ಸಲ ರಿಪೇರಿಗೆ ಬರೆದು ಕಳಿಸಿದ್ದೀನಿ."

ಸರಿಯಾಗಿ ನಾಲ್ಕು ಗಂಟೆಗೆ ಪರೀಕ್ಷಕರು ಬಂದರು, ಇಬ್ಬರು. ದಪ್ಪಗಿನ ಅಧ್ಯಕ್ಷರ ಕೊರಳಲ್ಲಿ ಭೂತಗನ್ನಡಿ ತೂಗಾಡುತ್ತಿತ್ತು. ಸಿಗ್ನಲ್ ಕಂಬದಂಥ ಕಾರ್ಯದರ್ಶಿಯ ಕಂಕುಳಲ್ಲಿ ನಿಯಮಾವಳಿ. ಅಧ್ಯಕ್ಷರು ಮೇಜಿನ ಪಕ್ಕ ಮಂಡಿಯೂರಿ ಕೂತು, ಮೊದಲ ವ್ಯಾಗನ್ನಿನಿಂದ ಹನ್ನೆರಡನೆಯದರವರೆಗೆ ಇಂಚಿಂಚು ನೋಡುತ್ತಾ ಹೋದರು. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದರು. 

"ನೀರು ತನ್ನಿ," ಎಂದರು ಅಧ್ಯಕ್ಷರು. "ಸೋಪಿನ ನೀರು."

"ಯಾಕೆ ಸಾರ್?"

"ಹೋದ ವರ್ಷ ಒಬ್ಬರು ಮುಖಕ್ಕೆ ಹಚ್ಚೋ ಪೌಡರಲ್ಲಿ ಧೂಳು ಮಾಡಿದ್ರು. ಅದಕ್ಕೇ ಈ ಸಲ ಹೊಸ ನಿಯಮ. ಸೋಪಿನ ನೀರಲ್ಲಿ ಉಜ್ಜಿದ್ರೂ ಕೊಳೆ ಬಿಡಬಾರದು. ಬಿಟ್ಟರೆ ಫೇಲು."

ಗಾರ್ಡಪ್ಪ ಒಲ್ಲದ ಮನಸ್ಸಿನಿಂದ ಸೋಪಿನ ನೀರು ತಂದಿಟ್ಟ. ಅವನ ಒಂಬತ್ತು ತಿಂಗಳ ಕೊಳೆ ಬೆಳಿಗ್ಗೆ ಸೋಪಿಗೆ ಹೇಗೆ ಹೋಗಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ತೊಳೆಯದಿದ್ದರೆ ಅಧ್ಯಕ್ಷರೇ ತೊಳೆಯುತ್ತಿದ್ದರು! ಹತ್ತಿಯ ಉಂಡೆಯನ್ನು ಅದ್ದಿ ಅಧ್ಯಕ್ಷರು ಉಜ್ಜಿದರು. ಇನ್ನೂ ಬಲವಾಗಿ ಉಜ್ಜಿದರು. ಹತ್ತಿ ಬೆಳ್ಳಗೇ ಇತ್ತು. ಅವರ ಮುಖ ಅರಳಿತು. ಕಾರ್ಯದರ್ಶಿ ಜೇಬಿನಿಂದ ಹಿತ್ತಾಳೆ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಗಾರ್ಡಪ್ಪನನ್ನೇ ನೋಡಿ ನಗುತ್ತಿರುವಂತೆ ಹೊಳೆಯಿತು.

"ಅದ್ಭುತ! ಈ ತುಕ್ಕು ಹೇಗೆ ಮಾಡಿದ್ರಿ? ಸುಮ್ನೆ ದಾಖಲೆಗೆ."

"ಅದು ಸಾರ್... ಮೂರು ಪಾಲು ಕಂದು ಬಣ್ಣ, ಒಂದು ಪಾಲು ಕೆಂಪು, ಆಮೇಲೆ ಹಲ್ಲಿಗೆ ಹಾಕೋ ಒಂಥರಾ ಪಾಲಿಶ್..."

"ಅಲ್ಲ ಅಲ್ಲ ಅಲ್ಲ!" ಬಾಗಿಲ ಹಿಂದಿನಿಂದ ದನಿ ಬಂತು. ತಪ್ಪು ವಿಧಾನ ಕೇಳಿ ಸುಮ್ಮನಿರುವುದು ಅತ್ತೆಯ ಜಾಯಮಾನದಲ್ಲೇ ಇರಲಿಲ್ಲ. ಸೌಟು ಹಿಡಿದು ಹೊರಗೆ ಬಂದೇಬಿಟ್ಟರು. "ಮೊದಲು ಚಹಾ. ಅದು ಆರಿದ ಮೇಲೆ ಮೊಳೆ ಹಾಕಿದ ನಿಂಬೆ ನೀರು. ಚಹಾದ ಮೇಲೆ ಕಬ್ಬಿಣದ ನೀರು ಬಿದ್ರೆ ಕಪ್ಪಾಗಿ ಕಚ್ಚಿಕೊಳ್ಳುತ್ತೆ, ಬ್ರಹ್ಮ ಬಂದು ಉಜ್ಜಿದ್ರೂ ಬಿಡಲ್ಲ. ನನ್ನ ಹೊಸ ಮೇಜುಬಟ್ಟೆ ಒಂದು ಹಾಗೇ ಹಾಳಾಯ್ತು. ಇಪ್ಪತ್ತು ವರ್ಷ ಉಜ್ಜಿದ್ದೀನಿ!"

ಕಾರ್ಯದರ್ಶಿ ಸರಸರ ಬರೆದುಕೊಳ್ಳತೊಡಗಿದರು. ಅಧ್ಯಕ್ಷರು ನಿಧಾನವಾಗಿ ಎದ್ದು ನಿಂತರು.

"ಇದು ಯಾರ ಕೈಕೆಲಸ?"

ಮೆಕ್ಯಾನಿಕ್ ಸೂರು ನೋಡಿದ. ಮಾಸ್ತರರು ತಮ್ಮ ಚಪ್ಪಲಿ ನೋಡಿಕೊಂಡರು. ಅತ್ತೆಗೆ ತಾವೇನು ಮಾಡಿದೆವೆಂದು ಆಗ ಹೊಳೆಯಿತು. "ನಮ್ಮ ಅಳಿಯಂದಿರದೇ!" ಎಂದರು ಅವಸರದಲ್ಲಿ. "ನಾನು ಸುಮ್ನೆ ಮಧ್ಯ ಬಾಯಿ ಹಾಕ್ದೆ. ನನಗೇನು ಗೊತ್ತು, ಪಾತ್ರೆ ತೊಳೆಯೋಳು."

ಗಾರ್ಡಪ್ಪ ಬಿಲ್ಲೆಯನ್ನು ನೋಡಿದ. ಹೌದು ಅಂದರೆ ಸಾಕಿತ್ತು. ಆದರೆ ತನಗಾಗಿ ಸುಳ್ಳು ಹೇಳಿ ತಲೆ ತಗ್ಗಿಸಿ ನಿಂತಿದ್ದ ಅತ್ತೆಯೂ ಅವನ ಕಣ್ಣಿಗೆ ಬಿದ್ದರು.

"ಇಲ್ಲ ಸಾರ್," ಎಂದ. "ಎಲ್ಲಾ ಅತ್ತೆಯವರೇ ಮಾಡಿದ್ದು. ನಾನು ಹಿಡ್ಕೊಂಡಿದ್ದೆ ಅಷ್ಟೇ."

ಹೇಳಿದ ಮೇಲೆ ಎದೆ ಹಗುರವಾಯಿತು. ಅಧ್ಯಕ್ಷರ ಕಣ್ಣು ಒದ್ದೆಯಾದದ್ದನ್ನು ಕಂಡು ಎಲ್ಲರಿಗೂ ಒಂದು ಆಸೆ ಚಿಗುರಿತು. ಇಂಥ ಪ್ರಾಮಾಣಿಕನಿಗೆ ಒಂದು ಸಹಿ ಹಾಕದೆ ಹೋಗುತ್ತಾರೆಯೇ? ಅಧ್ಯಕ್ಷರು ಗಾರ್ಡಪ್ಪನ ಭುಜ ತಟ್ಟಿದರು. "ನಿಮ್ಮಂಥವರು ನಮ್ಮ ಸಂಘಕ್ಕೆ ಹೆಮ್ಮೆ" ಎಂದರು. ಬಿಲ್ಲೆಯನ್ನು ಕೈಗೆತ್ತಿಕೊಂಡರು. ಅವನನ್ನು ದಾಟಿ ಮುಂದೆ ಹೋಗಿ, ಅತ್ತೆಗೆ ಎರಡೂ ಕೈಯಿಂದ ಕೊಟ್ಟರು.

"ಅಮ್ಮಾ, ಏಳನೇ ವಿದ್ಯೆಗೆ ಈ ಊರಲ್ಲಿ ಪರೀಕ್ಷಕರೇ ಇಲ್ಲ. ಅದಕ್ಕೇ ನಾವಿಬ್ಬರೂ ವರ್ಷಾವರ್ಷ ಇಷ್ಟು ದೂರ ಅಲೀಬೇಕು. ನಿಮಗಿಂತ ಬಲ್ಲವರು ಇನ್ನೆಲ್ಲಿ ಸಿಗ್ತಾರೆ? ಇವತ್ತಿನಿಂದ ಈ ಊರಿನ ಪರೀಕ್ಷಕರು ನೀವೇ." ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿದೆಯೆಂದು ಕಾರ್ಯದರ್ಶಿ ಪುಟ ತಿರುವಿ ಓದಿ ಹೇಳಿದರು. ಇಬ್ಬರೂ ಚಹಾ ಕುಡಿದು, ಇನ್ನು ಬರುವ ಅಗತ್ಯವಿಲ್ಲವೆಂದು ಹರ್ಷದಿಂದ ಹೊರಟುಹೋದರು.

ಮನೆಯಲ್ಲಿ ಹಬ್ಬದ ಗದ್ದಲ. ಮಾಸ್ತರರು ಸೀಟಿ ಊದಿದರು, ಮೆಕ್ಯಾನಿಕ್ ಚಪ್ಪಾಳೆ ತಟ್ಟಿದ, ಹೆಂಡತಿ ತಾಯಿಯನ್ನು ಅಪ್ಪಿಕೊಂಡಳು. ಗಾರ್ಡಪ್ಪನಿಗೂ ನಗು ಬಂತು. ಯಾಕೆಂದರೆ ಅವನ ತಲೆಯಲ್ಲಿ ಒಂದು ದೀಪ ಹತ್ತಿಕೊಂಡಿತ್ತು. ಸಹಿ ಹಾಕಬೇಕಾದವರು ಈಗ ಮನೆಯಲ್ಲೇ ಇದ್ದಾರೆ! ಅದೂ ತನಗಾಗಿ ಸುಳ್ಳು ಹೇಳಲೂ ಸಿದ್ಧರಿದ್ದವರು! ನೀಲಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಮೆಲ್ಲಗೆ ಮುಂದೆ ಹಿಡಿದ.

"ಅತ್ತೆ, ಏಳನೇ ಮನೆ ಖಾಲಿ ಇದೆ. ಇಲ್ಲೊಂದು ಸಹಿ..."

ಅತ್ತೆ ಕನ್ನಡಕ ಹಾಕಿಕೊಂಡರು. ಎದೆಯ ಮೇಲಿನ ಬಿಲ್ಲೆಯನ್ನು ನೇರ ಮಾಡಿಕೊಂಡರು. ಪುಸ್ತಕವನ್ನು ಮೊದಲ ಪುಟದಿಂದ ಓದಿದರು.

"ನಿಮ್ಮ ಕೈಯಾರೆ ಮಾಡಿದ್ದು ಯಾವುದಿದೆ, ತೋರಿಸಿ."

ಗಾರ್ಡಪ್ಪ ಹಳಿಯ ಕಡೆ ನೋಡಿದ. ಹನ್ನೆರಡಕ್ಕೆ ಹನ್ನೆರಡೂ ಅವರ ಕೈಯಿಂದಲೇ ಕೊಳೆಯಾಗಿ ನಿಂತಿದ್ದವು.

"ಅತ್ತೆ, ಆಗ ನೀವೇ ಅಂದ್ರಲ್ಲ, ಎಲ್ಲಾ ನಮ್ಮ ಅಳಿಯಂದಿರದೇ ಅಂತ!"

"ಆಗ ಅತ್ತೆಯಾಗಿ ಅಂದೆ. ಈಗ ಪರೀಕ್ಷಕಿಯಾಗಿ ಕೇಳ್ತಿದ್ದೀನಿ," ಎಂದು ಅವರು ಪುಸ್ತಕ ಮುಚ್ಚಿ ವಾಪಸ್ಸು ಕೊಟ್ಟರು. ದನಿಯಲ್ಲಿ ಪ್ರೀತಿ ಬೇಕಾದಷ್ಟಿತ್ತು, ಸಡಿಲು ಮಾತ್ರ ಇರಲಿಲ್ಲ. "ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷದ ಪರೀಕ್ಷೆವರೆಗೂ ನಾನು ಇಲ್ಲೇ ಇದ್ದು ಕಲಿಸಿಕೊಡ್ತೀನಿ. ಇವತ್ತೇ ಶುರು ಮಾಡೋಣ. ಚಹಾ ಪಾತ್ರೆ, ಮೊಳೆ ಪಾತ್ರೆ, ಮಸಿ ಹೆಂಚು, ಎಲ್ಲಾ ಸಿಂಕಲ್ಲಿ ಇಟ್ಟಿದ್ದೀನಿ. ತಿಕ್ಕಿ. ಯಾವ ಕಲೆ ಹೋಗುತ್ತೆ ಅನ್ನೋದು ಮೊದಲು ಕೈಗೆ ಗೊತ್ತಾಗ್ಲಿ."